ಒಣಗಿಸುವ ಕೋಣೆ

೧೪ ಜೂನ್ ೨೦೦೯, ಭಾನುವಾರ

ಮಳೆಯ ಸುಳಿವೇ ಇಲ್ಲ. ಡೊಂಬಿವಲಿಯ ಈ ಮೂರನೆಯ ಮಹಡಿ ಕಾವಲಿಯ ಹಾಗೆ ಕಾದಿದೆ. ಗಂಡ ವಾಸು ಕಲ್ಯಾಣದ ಹೋಟೆಲಿಗೆ ಹೋಗಿದ್ದಾರೆ. ಭಾನುವಾರವೇ ಅವರಿಗೆ ಕೆಲಸ ಹೆಚ್ಚು. ಮಗಳು ಅನುಷ್ಕಾ ಕ್ಲಾಸಿಗೆ ಹೋಗಿದ್ದಾಳೆ. ಲ್ಯಾಬಿನ ನೋಟ್‌ಬುಕ್ಕಿನಲ್ಲಿ ವಾರವಿಡೀ ಇಂಗ್ಲಿಷಿನಲ್ಲಿ ಅಂಕಿ ಬರೆದು ದಣಿದ ಮೇಲೆ ಈ ಪುಸ್ತಕ ತೆಗೆಯುವುದೆಂದರೆ ಚಪ್ಪಲಿ ಕಳಚಿಟ್ಟ ಹಾಗೆ. ಅನುಷ್ಕಾಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಇದು ನನ್ನೊಬ್ಬಳದೇ.

ಶುಕ್ರವಾರ ಪ್ಲಾಂಟಿನ ಮುಖ್ಯಸ್ಥ ಸಂಕರ್ಷಣ ರಾವ್ ಕರೆದು ಹೇಳಿದರು. ೪೧೭ಕ್ಕೆ ಪೈಲಟ್ ಪ್ಲಾಂಟ್ ಮಂಜೂರಾಗಿದೆ. ಇನ್ನು ಗಾಜಿನ ಬುರುಡೆಯಲ್ಲಲ್ಲ, ಎರಡು ಸಾವಿರ ಲೀಟರಿನ ಉಕ್ಕಿನ ತೊಟ್ಟಿಯಲ್ಲಿ ಬೆಳೆಸಬಹುದು.

ಒಂಬತ್ತು ವರ್ಷ! ಬ್ರೆಡ್ಡಿನ ಮೇಲೆ ಹಸಿರಾಗಿ ಹಬ್ಬುವ ಬೂಷ್ಟಿನ ನೆಂಟ ಅದು. ತನ್ನ ಪಾಡಿಗೆ ಬಿಟ್ಟರೆ ಪೆನಿಸಿಲಿನ್ ಮಾಡುತ್ತದೆ. ಮಣ್ಣಿನ ಬ್ಯಾಕ್ಟೀರಿಯಾವೊಂದರ ಜೀನನ್ನು ನಾವು ಅದರೊಳಗೆ ಸೇರಿಸಿದ್ದೇವೆ. ಈಗ ಅದು ಪೆನಿಸಿಲಿನ್ ಬದಲು ಅದರದೇ ಕುಲದ ಇನ್ನೊಂದು ಬಗೆಯ ಪ್ರತಿಜೀವಕದ ತಿರುಳನ್ನೇ ಮಾಡಿಕೊಡುತ್ತದೆ. ಗಂಟಲು ನೋವಿಗೆ, ಮೂತ್ರದ ಸೋಂಕಿಗೆ ಬರೆದುಕೊಡುವ ಕ್ಯಾಪ್ಸೂಲುಗಳೆಲ್ಲ ಈ ತಿರುಳಿಗೆ ಒಂದೊಂದು ಬಾಲ ಅಂಟಿಸಿ ಮಾಡಿದವು. ಇಷ್ಟು ದಿನ ಪೆನಿಸಿಲಿನ್ನನ್ನೇ ರಾಸಾಯನಿಕಗಳಲ್ಲಿ ಬೇಯಿಸಿ ಇದನ್ನು ತೆಗೆಯುತ್ತಿದ್ದರು. ಆ ಗಲೀಜು ನೀರು ಸಮುದ್ರದ ಯಾವ ಖಾಡಿಗೆ ಹೋಗುತ್ತಿತ್ತೆಂದು ಇಲ್ಲಿ ಎಲ್ಲರಿಗೂ ಗೊತ್ತು. ಯುರೋಪಿನವರು ಬೂಷ್ಟಿನಿಂದಲೇ ಇದನ್ನು ಮೊದಲೇ ಮಾಡಿದ್ದಾರೆ. ನಮ್ಮ ದಾರಿ ಬೇರೆ. ೪೧೭ ಎಂದರೆ ನಾನೂರ ಹದಿನೇಳನೆಯ ಪ್ರಯತ್ನ. ಅದರ ಮುಂಚಿನವೆಲ್ಲ ನನ್ನ ಕೈಯಲ್ಲೇ ಸತ್ತವು, ಇಲ್ಲವೇ ನಾಲ್ಕು ತಲೆಮಾರಿನಲ್ಲಿ ಸೋಮಾರಿಯಾದವು.

ನನ್ನ ಕೈಕೆಳಗಿನ ಕಾಂಚನಾಳನ್ನು ನಿನ್ನೆ ಬೈದೆ. ೪.೮೬ ಗ್ರಾಂ ಬಂದದ್ದನ್ನು ೪.೯ ಎಂದು ಬರೆದಿದ್ದಳು. "ಇದ್ದದ್ದು ಇದ್ದ ಹಾಗೆ ಬರಿ. ಇವತ್ತು ಅಷ್ಟು ಜಾರಿದರೆ ನಾಳೆ ಇನ್ನಷ್ಟು" ಎಂದೆ. ಹುಬ್ಬಳ್ಳಿ ಕಡೆಯ ಹುಡುಗಿ, ಹುಟ್ಟಿದ್ದು ಕಲ್ಯಾಣದಲ್ಲಿ. ಮುಖ ಕೆಂಪಾಯಿತು, ಆದರೆ ಗೆರೆ ಎಳೆದು ಸರಿ ಮಾಡಿ ಸಹಿ ಹಾಕಿದಳು. ಒಳ್ಳೆಯ ಹುಡುಗಿ.

ಪುಡಿ ಒಣಗಿಸುವ ಕೋಣೆಗೆ ಮಾಪಣ್ಣನೇ ಬೇಕೆಂದು ಹೆಸರು ಹೇಳಿ ಕೇಳಿದೆ. ಶಹಾಪುರದ ಕಡೆಯವರು, ನಲವತ್ತಾರು ವರ್ಷ, ಘಣಸೋಲಿಯ ಹಳೆ ಊರಿನಲ್ಲಿ ಮನೆ. ಇಡೀ ಪ್ಲಾಂಟಿನಲ್ಲಿ ನನ್ನೊಡನೆ ಕನ್ನಡ ಮಾತಾಡುವ ಕೆಲಸಗಾರ ಅವರೊಬ್ಬರೇ. ಹದಿನಾಲ್ಕು ವರ್ಷದಲ್ಲಿ ಒಂದು ಚಮಚ ಚೆಲ್ಲಿದವರಲ್ಲ.

"ಹೊಸಾ ಬೂಷ್ಟಿಂದು ಕೆಲಸ ಏನ್ರಿ ಅಕ್ಕಾರ?" ಎಂದರು.

"ಹೌದು ಮಾಪಣ್ಣ."

"ಬೂಷ್ಟು ಹಿಡದ್ರ ನಮ್ಮ ಮನ್ಯಾಗ ರೊಟ್ಟಿ ಚೆಲ್ತಾರ್ರಿ. ನೀವು ಅದಕ್ಕ ಎಸಿ ಹಚ್ಚಿ ಸಾಕೀರಿ."

ಪ್ಲಾಂಟ್ ಇರುವ ರಬಾಲೆಯಿಂದ ಠಾಣೆಯವರೆಗೆ ಲೋಕಲ್ ರೈಲಿನಲ್ಲಿ ಅದನ್ನು ನೆನೆದು ಒಬ್ಬಳೇ ನಗುತ್ತಿದ್ದೆ.

೨೨ ಜುಲೈ, ಬುಧವಾರ

ಬೆಳಿಗ್ಗೆ ಗ್ರಹಣ. ಮೋಡದಲ್ಲಿ ಏನೂ ಕಾಣಲಿಲ್ಲ. ಗ್ರಹಣ ಬಿಟ್ಟು ಸ್ನಾನವಾಗದೆ ಒಲೆ ಹಚ್ಚುವುದಿಲ್ಲವೆಂದು ಮಾಪಣ್ಣನ ಹೆಂಡತಿ ಬಸವಣ್ಣೆವ್ವ ಹಟ ಹಿಡಿದರಂತೆ. ಮಾಪಣ್ಣ ಬರೀ ಹೊಟ್ಟೆಯಲ್ಲಿ ಬಂದಿದ್ದರು. ನನ್ನ ಡಬ್ಬಿಯ ನೀರುದೋಸೆ ಕೊಟ್ಟೆ. "ಇದು ದೋಸೆನೋ ಅರಿವ್ಯೋ ಅಕ್ಕಾರ, ಇಷ್ಟ್ ತೆಳ್ಳಗ" ಎಂದು ನಾಲ್ಕೂ ತಿಂದರು.

ಮಧ್ಯಾಹ್ನ ಮೊದಲ ಪುಡಿ ಬಂತು. ಹನ್ನೊಂದು ಕಿಲೋ. ತೊಟ್ಟಿಯಲ್ಲಿ ಆರು ದಿನ ಗಂಜಿಯ ಹಾಗೆ ಕುದಿಗುಳ್ಳೆ ಬಿಡುತ್ತಿದ್ದ ಕಂದು ನೀರು, ಒದ್ದೆ ಹುಲ್ಲಿನ ವಾಸನೆ. ಸೋಸಿ, ಕಿಣ್ವ ಹಾಕಿ ಬೂಷ್ಟು ತಿರುಳಿಗೆ ತಾನೇ ಅಂಟಿಸಿದ ಬಾಲ ಕತ್ತರಿಸಿ, ಹರಳು ಕಟ್ಟಿಸಿ, ಒಣಗಿಸಿ ಜರಡಿ ಹಿಡಿದರೆ ಅಕ್ಕಿಹಿಟ್ಟಿನಷ್ಟು ಬೆಳ್ಳಗೆ. ಮಾಪಣ್ಣ ಜರಡಿ ಅಲ್ಲಾಡಿಸಿದಾಗ ಕಿಟಕಿಯ ಬೆಳಕಿನಲ್ಲಿ ಧೂಳು ನಿಂತೇ ಇತ್ತು. ಹೊರಗೆ ಎಳೆಯುವ ಫ್ಯಾನು ಸಣ್ಣದು. ದೊಡ್ಡದಕ್ಕೆ ಬರೆದು ಕೊಟ್ಟಿದ್ದೇನೆ. ಅಲ್ಲಿಯವರೆಗೆ ಮಾಸ್ಕ್ ತೆಗೆಯಕೂಡದು, ಕೈಗವಸು ತೆಗೆಯಕೂಡದು ಎಂದು ಮಾಪಣ್ಣನಿಗೆ ಎರಡು ಸಲ ಹೇಳಿ, ನಾನೇ ಮೂಗಿನ ಮೇಲಿನ ತಂತಿ ಒತ್ತಿ ತೋರಿಸಿದೆ.

"ಇಷ್ಟು ಪುಡಿ ಎಷ್ಟು ಮಂದಿಗಿ ಆಗ್ತದ್ರಿ?"

ಲೆಕ್ಕ ಹಾಕಿದೆ. "ಸಾವಿರದ ಆರುನೂರು ಜನಕ್ಕೆ ಆಗಬಹುದು."

"ಅಂದ್ರ ನಮ್ಮೂರು ಇಡೀ ಆತಲ್ರಿ" ಎಂದು ಡ್ರಮ್ಮಿನ ಮುಚ್ಚಳವನ್ನು ಮೆಲ್ಲಗೆ, ಮಗು ಮಲಗಿದೆಯೇನೋ ಎಂಬಂತೆ, ಹಾಕಿದರು.

೧೪ ಆಗಸ್ಟ್, ಶುಕ್ರವಾರ

ಹಂದಿಜ್ವರದ ಗಾಬರಿ. ಕಾಲೇಜು ಮುಚ್ಚಿದೆ. ಅನುಷ್ಕಾ ಮನೆಯಲ್ಲೇ ಟಿವಿ ಮುಂದೆ. "ಕನ್ನಡದಲ್ಲಿ ಹೇಳು" ಎಂದರೆ "ಕಶಾಲಾ ಆಯೀ, ಕಳತಂಯ್ ನಾ ತುಲಾ" ಎನ್ನುತ್ತಾಳೆ, ಯಾಕೆ, ನಿನಗೆ ತಿಳಿಯುತ್ತದಲ್ಲ ಎಂದು. ರೈಲಿನಲ್ಲಿ ಎಲ್ಲರ ಮುಖಕ್ಕೂ ಕರವಸ್ತ್ರ. ಠಾಣೆಯ ಔಷಧದಂಗಡಿಗಳಲ್ಲಿ ಒಂದೇ ಒಂದು ಮಾಸ್ಕ್ ಇಲ್ಲ.

ನಮ್ಮ ಸ್ಟೋರಿನಲ್ಲಿ ನಾಲ್ಕು ಪೆಟ್ಟಿಗೆ ಇತ್ತು. ಸಂಕರ್ಷಣ ರಾವ್ ಆಫೀಸಿನವರಿಗೆ, ಗೇಟಿನವರಿಗೆ, ಬೇಲಾಪುರದ ಮುಖ್ಯ ಕಚೇರಿಗೆ ಹಂಚಿಬಿಟ್ಟಿದ್ದಾರೆ. ನೇರ ಹೋಗಿ ಕೇಳಿದೆ.

"ಸರ್, ಒಣಗಿಸುವ ಕೋಣೆಗೆ ಮಾಸ್ಕ್ ಇಲ್ಲ."

"ಎರಡು ವಾರ ಅಡ್ಜಸ್ಟ್ ಮಾಡಿ ಜಯಲತಾ. ದೇಶಕ್ಕೇ ಸಿಗ್ತಾ ಇಲ್ಲ, ನಾನು ಎಲ್ಲಿಂದ ತರ್ಲಿ?"

"ಹಾಗಾದ್ರೆ ಬ್ಯಾಚ್ ನಿಲ್ಲಿಸ್ತೇನೆ."

"ನಿಲ್ಸಿ. ನವೆಂಬರಿನಲ್ಲಿ ಆಡಿಟಿಗೆ ಬರುವ ಖರೀದಿದಾರರಿಗೂ ನೀವೇ ಹೇಳಿ, ನನ್ನ ಬೂಷ್ಟು ರಜೆಯಲ್ಲಿದೆ ಅಂತ."

ತೊಟ್ಟಿಯಲ್ಲಿ ಐದನೆಯ ದಿನದ ಬೆಳೆ ಇತ್ತು. ಆರನೆಯ ದಿನ ತೆಗೆಯದಿದ್ದರೆ ಅದು ತನ್ನನ್ನೇ ತಾನು ಕರಗಿಸಿಕೊಳ್ಳುತ್ತದೆ. ಮಾಪಣ್ಣ ಟವೆಲನ್ನು ಎರಡು ಸುತ್ತು ಸುತ್ತಿಕೊಂಡು ಒಳಗೆ ಹೋದರು. ಒದ್ದೆ ಮಾಡಿ ಕಟ್ಟಿಕೊಳ್ಳಿ ಎಂದು ನಾನೇ ಹೇಳಿದೆ. ಎರಡು ವಾರ ತಾನೆ.

೩ ಸೆಪ್ಟೆಂಬರ್, ಗುರುವಾರ

ಮಾಸ್ಕ್ ಮೊನ್ನೆ ಬಂತು. ಆ ಎರಡು ವಾರ ಮೂರು ವಾರಕ್ಕೆ ಹತ್ತಿರವಾಯಿತು.

ಮಾಪಣ್ಣನಿಗೆ ಸೀನು ನಿಲ್ಲುತ್ತಿಲ್ಲ. ಕಣ್ಣು ಕೆಂಪು. ಇವತ್ತು ತೋಳು ಮಡಚಿ ತೋರಿಸಿದರು: ಮಣಿಕಟ್ಟಿನಿಂದ ಮೊಣಕೈವರೆಗೆ ದದ್ದು, ಚೇಳುಕುರುಕೆ ಸೊಪ್ಪು ತಾಗಿದ ಹಾಗೆ.

"ಕೈಯೆಲ್ಲಾ ತುರಸ್ಲತ್ತಾವ್ರಿ ಅಕ್ಕಾರ. ಸಂಜಿಕ್ಕ ಎದಿ ಹಗ್ಗ ಬಿಗದಂಗ ಆಗ್ತದ. ನನಗ ಬ್ಯಾರೆ ಕಡಿ ಹಾಕ್ರಿ."

ಕಾಂಚನಾ ಪಕ್ಕದಲ್ಲೇ ಇದ್ದಳು. ಅವರು ಹೋದ ಮೇಲೆ ಬಾಗಿಲು ಹಾಕಿದಳು. "ಮೇಡಂ, ಇದು ಧೂಳಿನ ಅಲರ್ಜಿ ಅಲ್ಲ. ನಮ್ಮ ಪುಡಿನೇ ಒಗ್ತಾ ಇಲ್ಲ ಅವ್ರಿಗೆ. ಭಾನುವಾರ ರಜಾ ಇದ್ದಾಗ ಕಮ್ಮಿ ಆಗ್ತದ, ಸೋಮವಾರ ಮತ್ತ ಶುರು. ಟೆಸ್ಟ್ ಮಾಡಿಸ್ಬೇಕು."

ನನಗೂ ಹಾಗೆಯೇ ಅನಿಸಿತ್ತು. ಒಮ್ಮೆ ದೇಹ ಈ ಕುಲದ ಪದಾರ್ಥವನ್ನು ಶತ್ರುವೆಂದು ಗುರುತು ಮಾಡಿಕೊಂಡರೆ ಮರೆಯುವುದಿಲ್ಲ. ಆಮೇಲೆ ಮಾತ್ರೆಯಾಗಿ ಬಂದರೂ ಅಪಾಯ, ಇಂಜೆಕ್ಷನ್ನಾಗಿ ಬಂದರೆ ಇನ್ನೂ ಅಪಾಯ.

ಆದರೆ ಡ್ರೈಯರ್ ಕೆಲಸ ಕಲಿತವರು ಇಬ್ಬರೇ. ಇನ್ನೊಬ್ಬ ರಾಯಗಡದ ತನ್ನ ಊರಿಗೆ ಹೋದವನು ಬಂದಿಲ್ಲ. ಹೊಸಬರನ್ನು ತಯಾರು ಮಾಡಲು ತಿಂಗಳು ಬೇಕು. ಆಡಿಟಿಗೆ ಮೊದಲು ಒಂದೇ ಗುಣಮಟ್ಟದ ಆರು ಬ್ಯಾಚ್ ತೋರಿಸಬೇಕು, ಆಗಿರುವುದು ಮೂರು. ಮಾಪಣ್ಣನನ್ನು ಕರೆದು, "ಮೂರೇ ಬ್ಯಾಚ್. ಆಮೇಲೆ ಖಂಡಿತ ಬೇರೆ ಕಡೆ" ಎಂದೆ.

"ನೀವ್ ಅಂತೀರಂದ್ರ ಆತ್ರಿ" ಎಂದರು.

ವಾಸುವಿಗೆ ಹೇಳಿದೆ. "ನಮ್ಮಲ್ಲಿ ದೋಸೆ ಹಾಕುವವನ ಕೈಗೆ ಹುಣ್ಣಾದ್ರೆ ಅವತ್ತೇ ಅವನನ್ನು ಕೌಂಟರಿಗೆ ಹಾಕ್ತೇವೆ. ನಿಮ್ಮದೆಂಥ ದೊಡ್ಡ ಕಂಪನಿ ಮಾರಾಯ್ತಿ?" ಎಂದರು. ಹೋಟೆಲಿನ ಮಾತು ಬೇರೆ, ಇದು ಬೇರೆ. ಅವರಿಗೆ ಹೇಳಬಾರದಿತ್ತು.

೨೦ ಸೆಪ್ಟೆಂಬರ್, ಭಾನುವಾರ

ನಾಲ್ಕನೆಯ ಬ್ಯಾಚ್: ಹದಿನಾರು ಕಿಲೋ. ಐದನೆಯದು ತೊಟ್ಟಿಯಲ್ಲಿದೆ. ೪೧೭ ಇನ್ನೂ ಸೋಮಾರಿಯಾಗಿಲ್ಲ. ನಾನು ನೋಡಿದ ಯಾವ ಬೂಷ್ಟೂ ಇಷ್ಟು ದಿನ ಮಾತು ಉಳಿಸಿಕೊಂಡಿರಲಿಲ್ಲ.

೧೪ ಅಕ್ಟೋಬರ್, ಬುಧವಾರ

ಸೋಮವಾರ ಮಾಪಣ್ಣ ಡ್ರೈಯರಿನ ಮುಂದೆ ಕುಸಿದ. ನಾನು ಹೋಗುವಷ್ಟರಲ್ಲಿ ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದ್ದರು. ಎರಡೂ ಕೈ ಮೊಣಕಾಲಿಗೆ ಊರಿ, ಬಾಯಿ ತೆರೆದು, ಉಸಿರಿಗೆ ಹೆಣಗುತ್ತಿದ್ದ. ತುಟಿ ನೀಲಿ. ಎದೆಯೊಳಗಿಂದ ಸಿಳ್ಳೆಯ ಸದ್ದು. ಕಂಪನಿಯ ಗಾಡಿಯಲ್ಲಿ ವಾಶಿಯ ಆಸ್ಪತ್ರೆಗೆ ಕಳಿಸಿದೆವು. ಆವಿ ಕೊಟ್ಟು ಸಂಜೆಗೆ ಬಿಟ್ಟರು. ನಿನ್ನೆ ಚುನಾವಣೆಯ ರಜೆ. ಇವತ್ತು ಕೆಲಸಕ್ಕೆ ಬಂದಿದ್ದ.

ಅನಾರೋಗ್ಯದ ಫಾರಂ ನಾನೇ ತುಂಬಬೇಕು. ವಾರಕ್ಕೊಮ್ಮೆ ಬರುವ ಕಂಪನಿ ಡಾಕ್ಟರು ನಾವು ಬರೆದುದಕ್ಕೆ ಸಹಿ ಹಾಕುತ್ತಾರೆ. 'ಕಾರಣ' ಎಂಬ ಸಾಲಿನಲ್ಲಿ ಪೆನ್ನು ನಿಂತಿತು. ಸಂಕರ್ಷಣ ರಾವ್ ಬಂದು ಎದುರು ಕೂತರು.

"ಪುಡಿಯಿಂದ ಅಂತ ಬರೆದ್ರೆ ನಾಳೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾನೆ. ಕೋಣೆಗೆ ಸೀಲ್. ಆಡಿಟ್ ಕ್ಯಾನ್ಸಲ್. ಮುಂದಿನ ವರ್ಷ ಪ್ರಾಜೆಕ್ಟೇ ಇರೋದಿಲ್ಲ. ಆಗ ಆ ಮನುಷ್ಯನಿಗೂ ಕೆಲಸ ಇಲ್ಲ, ನಿಮಗೂ ಇಲ್ಲ. ಅದು ಪುಡಿಯಿಂದಲೇ ಅಂತ ನಿಮ್ಮ ಹತ್ರ ಪ್ರೂಫ್ ಇದೆಯಾ?"

"ಟೆಸ್ಟ್ ಮಾಡಿಸಿಲ್ಲ."

"ಮತ್ತೆ? ಗೊತ್ತಿಲ್ಲದ್ದನ್ನು ಬರೆಯೋದು ಸೈನ್ಸಾ?"

ಅದೂ ನಿಜ. ಅಕ್ಟೋಬರಿನಲ್ಲಿ ನವಿ ಮುಂಬಯಿಯ ಅರ್ಧ ಜನ ಕೆಮ್ಮುತ್ತಾರೆ. ಕಲ್ಲುಕ್ವಾರಿಯ ಧೂಳು, ಹೊಗೆ. 'ಋತು ಬದಲಾವಣೆಯಿಂದ ದಮ್ಮು, ಧೂಳಿನ ಅಲರ್ಜಿ' ಎಂದು ಬರೆದೆ. ಕೆಳಗೆ 'ಔಷಧಗಳ ಅಲರ್ಜಿ' ಎಂದು ಇನ್ನೊಂದು ಸಾಲು. ಪರೀಕ್ಷೆ ಆಗಿಲ್ಲದ್ದರಿಂದ 'ಇಲ್ಲ'. ಅದರ ನಕಲು ಮಾಪಣ್ಣನಿಗೆ ಕೊಟ್ಟೆ, ಜೋಪಾನ ಎಂದೆ. ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡ.

ಮಧ್ಯಾಹ್ನ ಕಾಂಚನಾ ಒಂದು ಕಾರ್ಡ್ ತಂದಳು. ಅವಳೇ ಟೈಪ್ ಮಾಡಿ ಪ್ಲಾಸ್ಟಿಕ್ ಹೊದಿಸಿದ್ದು. ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ: ಈ ವ್ಯಕ್ತಿಗೆ ಪೆನಿಸಿಲಿನ್ ಮತ್ತು ಅದರ ಕುಲದ ಯಾವ ಔಷಧವನ್ನೂ ಕೊಡಬಾರದು. ಕೆಳಗೆ ಕಂಪನಿಯ ಹೆಸರು, ವಿಭಾಗ.

"ಇದನ್ನ ಅವ್ರು ಯಾವಾಗ್ಲೂ ಹತ್ರ ಇಟ್ಕೊಳ್ಳಲಿ ಮೇಡಂ. ನೀವೇ ಕೊಡ್ರಿ, ನಿಮ್ಮ ಮಾತು ಕೇಳ್ತಾರ."

ಕಂಪನಿಯ ಹೆಸರು ಹಾಕಿ ಹೀಗೆ ಬರೆದರೆ ಅದೇ ಸಾಕ್ಷಿಯಾಗುತ್ತದೆಂದು ಆ ಹುಡುಗಿಗೆ ಹೊಳೆಯುವುದಿಲ್ಲ. ಕೊಡುತ್ತೇನೆ ಎಂದು ತೆಗೆದುಕೊಂಡೆ. ಡ್ರಾಯರಿನಲ್ಲಿದೆ. ಆಡಿಟ್ ಮುಗಿದ ಮರುದಿನ ಕೊಡುತ್ತೇನೆ. ಇನ್ನು ನಾಲ್ಕು ವಾರ.

ಅವನನ್ನು ಡ್ರೈಯರಿನಿಂದ ತೆಗೆದು ಹಿತ್ತಲ ಅಂಗಳದಲ್ಲಿ ಡ್ರಮ್ ಎಣಿಸುವ ಕೆಲಸಕ್ಕೆ ಹಾಕಿದೆ. ಬಯಲಿನ ಗಾಳಿ. ಒಂದು ಒಳ್ಳೆಯ ಕೆಲಸವಾದರೂ ಆಯಿತು. ಆರನೆಯ ಬ್ಯಾಚಿಗೆ ಹೊರಗಿನಿಂದ ಇಬ್ಬರನ್ನು ತರಿಸಿದ್ದೇವೆ.

೧೦ ನವೆಂಬರ್, ಮಂಗಳವಾರ

ಆಡಿಟ್ ಮುಗಿಯಿತು. ಬಂದವರು ಮೂವರು. ನನ್ನ ನೋಟ್‌ಬುಕ್ಕುಗಳನ್ನು ಎರಡು ತಾಸು ತಿರುವಿಹಾಕಿ, "ವೆರಿ ಕ್ಲೀನ್ ರೆಕಾರ್ಡ್ಸ್" ಎಂದರು. ಆರೋಗ್ಯದ ರಿಜಿಸ್ಟರನ್ನೂ ನೋಡಿದರು, ಏನೂ ಕೇಳಲಿಲ್ಲ. ಇನ್ನೂ ಎಂಟು ಬ್ಯಾಚ್ ಮಾಡಿ ಕಳಿಸಿ, ಜನವರಿಯಲ್ಲಿ ತೀರ್ಮಾನ ಎಂದರು. ಸಂಕರ್ಷಣ ರಾವ್ ಎಲ್ಲರಿಗೂ ಜಿಲೇಬಿ ತರಿಸಿದರು.

ಒಂಬತ್ತು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ಹೆಸರನ್ನು ಸರಿಯಾಗಿ ಬರೆದುಕೊಂಡರು.

ಹೊರಗೆ ಅಕಾಲದ ಗಾಳಿ ಮಳೆ, ಚಂಡಮಾರುತವಂತೆ. ಬೇಗ ಹೊರಟೆ.

೧ ಡಿಸೆಂಬರ್, ಮಂಗಳವಾರ

ಹತ್ತನೆಯ ಬ್ಯಾಚಿನಲ್ಲಿ ಇಳುವರಿ ಶೇಕಡಾ ಎರಡು ಕುಸಿದಿದೆ. ಬೀಜದ ಹಂತದಲ್ಲಿ ಎಲ್ಲೋ ತಪ್ಪಿದೆ. ಎರಡು ದಿನದಿಂದ ಅದೇ ತಲೆ. ಫ್ರೀಜರಿನಿಂದ ಬೂಷ್ಟಿನ ಹೊಸ ಬೀಜ ತೆಗೆದೆ. ಕಳಂಬೋಲಿಯಿಂದ ಉಕ್ಕಿನ ಹೊಸ ಸ್ಟ್ಯಾಂಡುಗಳು ಬಂದವು. ಇಳಿಸುವಾಗ ಅಂಗಳದವನ ಪಾದಕ್ಕೆ ತಗಡಿನ ಅಂಚು ತಾಗಿ ಸೀಳಿದೆ. ಪಟ್ಟಿ ಕಟ್ಟಿಸಿ ಮನೆಗೆ ಕಳಿಸಿದರು. ಕಾಂಚನಾ ಏನೋ ಹೇಳಲು ಬಂದಳು, ನಾನು ಮೈಕ್ರೋಸ್ಕೋಪಿನಲ್ಲಿದ್ದೆ. ನಾಳೆ ನೋಡೋಣ ಎಂದೆ.

೪ ಡಿಸೆಂಬರ್, ಶುಕ್ರವಾರ

ಮಾಪಣ್ಣ ಸತ್ತ.

ಪಾದ ಬಾತು ಜ್ವರ ಬಂದಿತ್ತಂತೆ. ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಗಂಡ ಹೆಂಡತಿ ಘಣಸೋಲಿಯ ಒಂದು ದವಾಖಾನೆಗೆ ಹೋಗಿದ್ದಾರೆ. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಅದೇ ಕುಲದ್ದು. ಬೆಂಚಿನ ಮೇಲೆ ಕೂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ಗಂಟಲು ಹಿಡಿದುಕೊಂಡು ಬಿದ್ದ. ಹತ್ತು ನಿಮಿಷವಂತೆ.

ಕ್ಯಾಂಟೀನಿನಲ್ಲಿ ಎಲ್ಲರ ಎದುರು ಕಾಂಚನಾ ಕೇಳಿದಳು, "ಮೇಡಂ, ಆ ಕಾರ್ಡ್?"

"ಅವತ್ತೇ ಕೊಟ್ಟಿದ್ದೆನಲ್ಲ."

ಮಾತು ತಾನಾಗಿ ಬಂತು. ನಾನು ಊಟ ಮುಂದುವರಿಸಿದೆ.

ಡ್ರಾಯರಿನಲ್ಲಿ ಕಾರ್ಡ್ ಇತ್ತು. ಬೂಷ್ಟಿನ ಒಂದು ಕಣವೂ ಹೊರಗೆ ಹೋಗಬಾರದೆಂದು ಲ್ಯಾಬಿನ ಕಸವನ್ನೆಲ್ಲ ಆವಿಯಲ್ಲಿ ಬೇಯಿಸಿಯೇ ಹೊರಗೆ ಕಳಿಸುವುದು. ಮೂರು ಗಂಟೆಯ ಚೀಲದಲ್ಲಿ ಅದೂ ಹೋಯಿತು.

ಹನ್ನೊಂದನೆಯ ಬ್ಯಾಚ್ ತೊಟ್ಟಿಯಲ್ಲಿ ಸರಿಯಾಗಿ ಬೆಳೆಯುತ್ತಿದೆ. ಹೊಸ ಬೀಜ ಕೆಲಸ ಮಾಡಿತು.

೭ ಡಿಸೆಂಬರ್, ಸೋಮವಾರ

ಕಂಪನಿಯ ಪರವಾಗಿ ಹೋಗಿಬರಲು ನನಗೇ ಹೇಳಿದರು, ಕನ್ನಡ ಬರುತ್ತದೆಂದು. ಘಣಸೋಲಿ ಹಳೆ ಊರಿನ ಓಣಿ. ಹಾದಿಯಲ್ಲಿ ಆ ದವಾಖಾನೆ ಕಂಡಿತು. ಬೋರ್ಡು ಕಿತ್ತು ಹಾಕಿದ್ದಾರೆ, ಗಾಜು ರಸ್ತೆಯ ತುಂಬ. ಡಾಕ್ಟರನ್ನು ಓಣಿಯವರು ಹೊಡೆದು ಪೊಲೀಸರಿಗೆ ಕೊಟ್ಟರಂತೆ. ವಯಸ್ಸಾದವರು, ಮೂವತ್ತು ವರ್ಷದಿಂದ ಅಲ್ಲೇ ಇದ್ದವರು.

ಬಸವಣ್ಣೆವ್ವ ಗೋಡೆಗೆ ಒರಗಿ ಕೂತಿದ್ದಳು. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಹೆಸರ ತಗೋಳದ ದಿನ ಇಲ್ರಿ ಅಕ್ಕಾರ. ಜಯಲತಕ್ಕ ಹಿಂಗಂದ್ರು, ಜಯಲತಕ್ಕ ಹಂಗಂದ್ರು..."

ನೀರು ಕೊಟ್ಟಳು. ಕುಡಿದೆ.

"ಡಾಕ್ಟರ್ ಏನೂ ಕೇಳಲಿಲ್ಲವಾ?"

"ಕೇಳಿದ್ರಿ. ಯಾವ್ದರ ಔಷಧ ಆಗಿಬರಂಗಿಲ್ಲೇನು ಅಂತ ಹಿಂದಿಯೊಳಗ ಕೇಳಿದ್ರು. ಇವ್ರು ಕಿಸೆದಾಗಿಂದ ನಿಮ್ಮ ಚೀಟಿ ತೆಗದು ಕೊಟ್ರು. ಕಂಪ್ನಿಯಾಗ ಎಲ್ಲಾ ಬರದು ಕೊಟ್ಟಾರ್ರಿ, ಧೂಳಿಂದಷ್ಟೇ ಅದ ಅಂದ್ರು. ಡಾಕ್ಟರ್ ಚಾಳೀಸು ಹಾಕ್ಕೊಂಡು ಓದಿದ್ರು. ಓದೇ ಸೂಜಿ ಮಾಡಿದ್ರು."

ಚೀಟಿಯನ್ನು ದೇವರ ಪಟದ ಹಿಂದಿನಿಂದ ತೆಗೆದು ತೋರಿಸಿದಳು. ನನ್ನ ಅಕ್ಷರ.

"ನನಗ ಓದಾಕ ಬರಂಗಿಲ್ಲ. ಇದ್ರಾಗ ಏನದ ಅಕ್ಕಾರ?"

"ದಮ್ಮು ಇತ್ತು ಅಂತ ಇದೆ" ಎಂದೆ. ಅದರಲ್ಲಿ ಇದ್ದದ್ದು ಅದೇ.

ಅವಳ ಅಣ್ಣ ಊರಿನಿಂದ ಬಂದಿದ್ದ. ಡಾಕ್ಟರ ಮೇಲೆ ದೂರು ಕೊಡಬೇಕು, ಪೊಲೀಸರು ಮರಾಠಿಯಲ್ಲಿ ಬರೆದು ತನ್ನಿ ಅಂದಿದ್ದಾರೆ, ನಮಗೆ ಬರುವುದಿಲ್ಲ ಎಂದ. ಬಸವಣ್ಣೆವ್ವ ಎಲ್ಲಿಂದಲೋ ಗೆರೆ ಹಾಳೆ, ಪೆನ್ನು ತಂದಿಟ್ಟಳು. "ನೀವ್ ಕಲ್ತೋರು. ನೀವ ಬರದು ಕೊಡ್ರಿ. ಅವ್ರ ಜೀವಕ್ಕ ನ್ಯಾಯ ಸಿಗಲಿ."

ಸುತ್ತ ಏಳೆಂಟು ಜನ ನಿಂತಿದ್ದರು. ಬರೆಯುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಿದ್ದರು. ಬರೆದೆ. ರೋಗಿಯ ಪೂರ್ವಸ್ಥಿತಿಯನ್ನು ಸರಿಯಾಗಿ ವಿಚಾರಿಸದೆ, ಪರೀಕ್ಷೆಯ ಚುಚ್ಚು ಹಾಕಿ ನೋಡದೆ, ನಿರ್ಲಕ್ಷ್ಯದಿಂದ ಇಂಜೆಕ್ಷನ್ ಕೊಟ್ಟು... ಒಂದೂವರೆ ಪುಟವಾಯಿತು. ಓದಿ ಹೇಳಿದೆ. ಎಲ್ಲರೂ ತಲೆದೂಗಿದರು. ಬಸವಣ್ಣೆವ್ವ ಹೆಬ್ಬೆಟ್ಟು ಒತ್ತಿದಳು. ಅವಳ ಬೆರಳಿನ ಶಾಯಿಯನ್ನು ನನ್ನ ಕರವಸ್ತ್ರದಿಂದಲೇ ಒರೆಸಿದೆ.

ಚುಚ್ಚು ಹಾಕಿ ನೋಡಬಹುದಿತ್ತು ಎಂಬುದು ಸುಳ್ಳಲ್ಲ. ಮೂವತ್ತು ವರ್ಷದ ಡಾಕ್ಟರು ಚೀಟಿಯೊಂದನ್ನು ನಂಬಿ ಕೂರುವುದೆ?

ವಾಸು ಏನಾಯಿತೆಂದು ಕೇಳಿದರು. ತಲೆನೋವು ಎಂದೆ.

೧೯ ಜನವರಿ ೨೦೧೦, ಮಂಗಳವಾರ

ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಂದು ಹೋದರು. ಕಾಂಚನಾ ರಾಜೀನಾಮೆ ಕೊಟ್ಟು ಹೋಗುವಾಗ ಅವರಿಗೆ ಪತ್ರ ಬರೆದಿದ್ದಳಂತೆ, ನಾಲ್ಕು ಪುಟ. ಕಾರ್ಡಿನ ವಿಷಯ, ಮಾಸ್ಕಿನ ವಿಷಯ, ಎಲ್ಲ. ಕಾರ್ಡಿನ ಒಂದು ಪ್ರತಿಯನ್ನೂ ಅವಳು ಇಟ್ಟುಕೊಂಡಿರಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ಇನ್‌ಸ್ಪೆಕ್ಟರ್ ನನ್ನನ್ನು ಅರ್ಧ ತಾಸು ಕೇಳಿದರು. ನಾನು ನೆಟ್ಟಗೆ ಕೂತು ಉತ್ತರಿಸಿದೆ. ರಿಜಿಸ್ಟರ್ ತೋರಿಸಿದೆ. ಅವನನ್ನು ನಾನೇ ಧೂಳಿನಿಂದ ದೂರ ಅಂಗಳಕ್ಕೆ ಹಾಕಿದ್ದನ್ನು ತೋರಿಸಿದೆ. "ಕಾಳಜಿ ತೊಗೊಂಡಿದ್ದೀರಿ" ಎಂದು ಬರೆದುಕೊಂಡರು. ಕಾಂಚನಾ ಹೇಗೆ ಎಂದಾಗ, ಬುದ್ಧಿವಂತೆ, ಆದರೆ ಭಾವುಕಳು, ಅಂಕಿಗಳನ್ನು ದಾಖಲಿಸುವುದರಲ್ಲಿ ಸ್ವಲ್ಪ ಸಡಿಲ. ಜೂನ್ ತಿಂಗಳ ಒಂದು ತಿದ್ದುಪಡಿಯೂ ಇದೆ ಎಂದೆ. ಪುಟ ತೆಗೆದು ತೋರಿಸಿದೆ. ಗೆರೆ ಎಳೆದು ಅವಳೇ ಸಹಿ ಹಾಕಿದ್ದಳು.

ಒಣಗಿಸುವ ಕೋಣೆಗೆ ದೊಡ್ಡ ಫ್ಯಾನಿನ ಆರ್ಡರ್ ಹೋಗಿದೆ, ಮೇ ತಿಂಗಳಿಗೆ ಬರಬಹುದು. ಖರೀದಿದಾರರು ಒಪ್ಪಿದ್ದಾರೆ. ಇಪ್ಪತ್ತು ಸಾವಿರ ಲೀಟರಿನ ತೊಟ್ಟಿ. ಬೇಲಾಪುರದ ಕಚೇರಿಯಲ್ಲಿ ಹೂಗುಚ್ಛ ಕೊಟ್ಟು ಫೋಟೋ ತೆಗೆದರು. ಫೋಟೋ ನೋಡಿದ ಅನುಷ್ಕಾ, "ಆಯೀ, ತೂ ಹಸತ್ ಕಾ ನಾಹೀಸ್?" ಎಂದಳು, ಯಾಕೆ ನಗುತ್ತಿಲ್ಲ ಎಂದು. ನಕ್ಕಿದ್ದೇನೆ. ಸರಿಯಾಗಿ ನೋಡಬೇಕು ಅಷ್ಟೆ.

೧೭ ಮಾರ್ಚ್ ೨೦೧೦, ಬುಧವಾರ

ನಿನ್ನೆ ಯುಗಾದಿ. ಎರಡು ತಿಂಗಳಿಂದ ಇದರಲ್ಲಿ ಬರೆದೇ ಇಲ್ಲ. ಸಮಯವೂ ಇಲ್ಲ, ಬರೆಯುವಂಥದ್ದೂ ಇಲ್ಲ.

ಡಾಕ್ಟರಿಗೆ ಜಾಮೀನಾಯಿತಂತೆ. ದವಾಖಾನೆ ಮುಚ್ಚಿ ಮಗನ ಊರಿಗೆ ಹೋದರು ಎಂದು ಕೇಳಿದೆ.

ಕಂಪನಿ ಬಸವಣ್ಣೆವ್ವನಿಗೆ ಕೆಲಸ ಕೊಟ್ಟಿದೆ. ಅದಕ್ಕೆ ನಾನೇ ಓಡಾಡಿದ್ದು. ಸಂಕರ್ಷಣ ರಾವ್ ಮೊದಲು ಒಪ್ಪಲಿಲ್ಲ; "ನಮ್ಮವರೇ ಆದರೆ ಅವರ ಬಾಯಲ್ಲಿ ಬೇರೆ ಮಾತು ಬರುವುದಿಲ್ಲ ಸರ್" ಎಂದ ಮೇಲೆ ಒಪ್ಪಿದರು. ಗುಡಿಸುವ ಕೆಲಸಕ್ಕೆ ಜಾಗ ಖಾಲಿ ಇರಲಿಲ್ಲ. ಖಾಲಿ ಇದ್ದದ್ದು ಒಣಗಿಸುವ ಕೋಣೆಯಲ್ಲಿ. ಜರಡಿ ಹಿಡಿಯುವುದು, ಡ್ರಮ್ಮಿಗೆ ತುಂಬುವುದು. ಹೆಂಗಸರ ಕೈ ಹಗುರ, ಪುಡಿ ಚೆಲ್ಲುವುದಿಲ್ಲ.

ಇವತ್ತು ಮೊದಲ ದಿನ. ಹೊಸ ಸೀರೆ ಉಟ್ಟು ಬಂದಿದ್ದಳು. ಮೇಲೆ ನೀಲಿ ಅಂಗಿ ತೊಡಿಸಿದೆ. ಕೆಲಸಕ್ಕೆ ಸೇರುವ ಫಾರಂ ನಾನೇ ತುಂಬಿದೆ. ಎಲ್ಲ ಕಾಲಮ್ಮೂ ಮುಗಿಯಲು ಐದು ನಿಮಿಷ. ಕೋಣೆಗೆ ಕರೆದುಕೊಂಡು ಹೋಗಿ ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದೆ. ಅವಳು ಬಗ್ಗಿ ನೋಡಿದಳು. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಹೆಬ್ಬೆರಳಿನಿಂದ ಉಜ್ಜಿದಳು, ಹಿಟ್ಟಿನ ನುಣುಪು ನೋಡುವ ಹಾಗೆ.

"ಇದೇನ್ರಿ ಅಕ್ಕಾರ, ಅವ್ರು ಮಾಡ್ತಿದ್ದದ್ದು?"

"ಇದೇ."

"ಎಷ್ಟ್ ಬೆಳ್ಳಗದ." ಬೆರಳನ್ನು ಅಂಗಿಗೆ ಒರೆಸಿಕೊಂಡಳು. ಆಮೇಲೆ, ನಾಚಿಕೆಯಿಂದ ಎಂಬಂತೆ, "ಇದ್ರಿಂದ ಅವ್ರಿಗೇನೂ ಆಗಿರ್ಲಿಲ್ಲಲ್ರಿ?" ಎಂದಳು.

"ಇಲ್ಲ" ಎಂದೆ.

ಜರಡಿ ಅವಳ ಕೈಗೆ ಕೊಟ್ಟು ಹೇಗೆ ಅಲ್ಲಾಡಿಸಬೇಕೆಂದು ಹೇಳಿಕೊಟ್ಟೆ. ಬೇಗ ಕಲಿತಳು. ಮಧ್ಯಾಹ್ನದ ಊಟದೊಳಗೆ ಇಪ್ಪತ್ತಮೂರನೆಯ ಬ್ಯಾಚಿನ ಅರ್ಧ ಮುಗಿದಿತ್ತು.